ರಾಣಿ ಪಾರ್ಟಿನವಳೂ ಚಾಮರ ಹಿಡಿದ ನಾನೂ

ನಾಟಕದವರ ಮುಖದ ಬಣ್ಣ ಕೊಬ್ಬರಿ ಎಣ್ಣೆ ಸವರಿದರೆ ಹೋಗುತ್ತದೆ. ಪಾರ್ಟು ಮಾತ್ರ ಎಷ್ಟು ಉಜ್ಜಿದರೂ ಹೋಗುವುದಿಲ್ಲ. ಬಹಳ ವರ್ಷದ ಹಿಂದೆ ಕಡೂರಿನಲ್ಲಿ ನಾವೊಂದು ಹಾಡಿನ ನಾಟಕ ಆಡಿದೆವು. ಆ ಮೊದಲ ತಂಡದವರು ಈಗ ಮೂರು ತಾಲ್ಲೂಕಿಗೆ ಚೆದುರಿದ್ದೇವೆ. ಯಾರು ಎಲ್ಲಿ ಸಿಕ್ಕಿದರೂ ನಾಟಕ ಅಲ್ಲೇ ಮತ್ತೆ ಶುರು.

ನಾನು ರಾಣಿಯ ಸಖಿ. ಚಾಮರ ಬೀಸಿ "ಅಪ್ಪಣೆ ತಾಯಿ" ಅಂದರೆ ನನ್ನ ಪಾರ್ಟು ಮುಗಿಯಿತು. ಶಾಲೆಗೆ ಹೋದವಳಲ್ಲ, ಬಸ್ಸಿನ ಬೋರ್ಡು, ಅಂಗಡಿ ಬೋರ್ಡು ನೋಡಿ ನಾನೇ ಓದು ಕಲಿತೆ. ಆಮೇಲೆ ನಾಟಕದ ಪುಸ್ತಕ ಹಿಡಿದು ರಾಣಿಯ ಹಾಡನ್ನೆಲ್ಲ ಬಾಯಿಪಾಠ ಮಾಡಿದೆ. ಅದರಲ್ಲಿ ಒಂದನ್ನಾದರೂ ಜನರ ಮುಂದೆ ಹಾಡಬೇಕೆಂಬುದು ನನ್ನ ಹಟ. ಇವತ್ತು ಕಡೂರಿನಲ್ಲಿ ಸ್ವಂತ ಹೊಲಿಗೆ ಅಂಗಡಿ ಮಾಡಿಕೊಂಡಿದ್ದೇನೆ. ಹಟ ಮಾತ್ರ ಹಾಗೇ ಉಳಿದಿತ್ತು.

ರಾಜರು

ತರೀಕೆರೆಯಲ್ಲಿ ಹಿಟ್ಟಿನ ಮಿಲ್ಲು ಇಟ್ಟಿದ್ದಾರೆ. ಮೈತುಂಬ ರಾಗಿ ಹಿಟ್ಟು, ದನಿ ಮಾತ್ರ ಅದೇ. ನಾನು ಹೋದಾಗ ಎದೆ ಸೆಟೆಸಿ, "ಯಾರಲ್ಲಿ! ಅತಿಥಿಗೆ ಪಾನೀಯ ತನ್ನಿ!" ಎಂದರು.

ಒಳಗಿನಿಂದ ಹೆಂಡತಿಯ ಕೂಗು: "ಯಾರೂ ಇಲ್ಲ ಕಣ್ರೀ, ನಾನೊಬ್ಳೇ ಇರೋದು. ಹಾಲೂ ಇಲ್ಲ, ತಗೊಂಬನ್ನಿ!"

ರಾಜರು ತೆಪ್ಪಗೆ ಚಪ್ಪಲಿ ಹಾಕಿಕೊಂಡು ಹೊರಟರು.

ಹಾರ್ಮೋನಿಯಂ ಸಾಹೇಬರು

ಅಜ್ಜಂಪುರದಲ್ಲಿ ಮಿಕ್ಸಿ, ಫ್ಯಾನು ರಿಪೇರಿ ಮಾಡುತ್ತಾರೆ. ನನ್ನ ಮಿಕ್ಸಿ ಬಿಚ್ಚಿ ಜೋಡಿಸಿ, ಸ್ವಿಚ್ ಹಾಕಿ, ಕಣ್ಣು ಮುಚ್ಚಿ ಕೇಳಿದರು.

"ಈಗ ಶ್ರುತಿ ಸೇರ್ತು ಬೇಟಿ. ನನ್ ಹಾರ್ಮೋನಿಯಂನ ಬಿಳಿ ನಾಲ್ಕನೇ ಮನೆ."

"ಚಟ್ನಿ ನುಣ್ಣಗಾಗುತ್ತಾ ಸಾಹೇಬ್ರೇ?"

"ಅದು ಗೊತ್ತಿಲ್ಲ. ಆದ್ರೆ ನಮ್ ರಾಣಿ ಗಂಟ್ಲೂ ಹಿಂಗೇ, ಬಿಳಿ ನಾಲ್ಕು. ಏನ್ ಗಂಟ್ಲು!"

ಆ ಮಿಕ್ಸಿ ಈಗ ಅಟ್ಟದ ಮೇಲಿದೆ. ನಾನು ಒರಳಿನಲ್ಲಿ ರುಬ್ಬುತ್ತಿದ್ದೇನೆ.

ರಾಣಿ

ಅವಳೀಗ ಶಿವನಿಯಲ್ಲಿ ತೆಂಗಿನ ತೋಟದ ಯಜಮಾನಿ. ಒಂದು ದಿನ ಇಬ್ಬರೂ ಒಂದೇ ಬಸ್ಸು ಹತ್ತಿದೆವು. ಕಾಲಿಡಲೂ ಜಾಗವಿಲ್ಲ. ಯಾರೋ ಹಿರಿಯರು ತಟ್ಟನೆ ಎದ್ದು, "ಅಯ್ಯೋ, ರಾಣಿ ಪಾರ್ಟಿನ ಅಮ್ಮ! ಕೂತ್ಕೊಳ್ಳಿ ತಾಯಿ" ಎಂದು ಸೀಟು ಬಿಟ್ಟರು.

ನಾನು ಕೆಮ್ಮಿದೆ. "ನಾನೂ ಅದೇ ನಾಟಕದವಳು."

"ಹೌದಾ? ಯಾವ ಪಾರ್ಟು?"

"ಸಖಿ."

"ಓ, ಹಂಗಾದ್ರೆ ನಿಂತು ಅಭ್ಯಾಸ ಐತೆ ಬಿಡಿ!"

ಸನ್ಮಾನ

ಹೋದ ವರ್ಷ ಕಡೂರಿನಲ್ಲಿ ಮೊದಲ ತಂಡಕ್ಕೆ ಸನ್ಮಾನವಾಯಿತು. ಒಂದು ದೃಶ್ಯ ಆಡಿ ತೋರಿಸಿ ಎಂದರು. ರಾಣಿ ಕುರ್ಚಿಯಲ್ಲಿ, ನಾನು ಹಿಂದೆ ಚಾಮರದೊಂದಿಗೆ. ಸಾಹೇಬರು ಹಾರ್ಮೋನಿಯಂ ಒತ್ತಿದರು. ರಾಣಿ ಬಾಯಿ ತೆರೆದಳು, ಹಾಡು ಮರೆತೇಹೋಗಿತ್ತು.

"ಲೇ, ಮೊದಲ ಸಾಲು ಹೇಳಿಕೊಡೇ" ಎಂದು ಪಿಸುಗುಟ್ಟಿದಳು.

ಇಷ್ಟು ವರ್ಷ ಕಾದವಳು ಒಂದು ಸಾಲಿಗೆ ನಿಲ್ಲಿಸುತ್ತೇನೆಯೇ? ಇಡೀ ಹಾಡನ್ನು ನಾನೇ ಹಾಡಿಬಿಟ್ಟೆ. ಜನ "ಒನ್ಸ್ ಮೋರ್" ಅಂದರು, ಇನ್ನೊಮ್ಮೆ ಹಾಡಿದೆ. ನಮ್ಮ ಕಡೆ ಹಾಡು ಮೆಚ್ಚಿದವರು ದೃಶ್ಯದ ಮಧ್ಯೆಯೇ ರಂಗಕ್ಕೆ ಹತ್ತಿ ಹಾರ ಹಾಕುತ್ತಾರೆ. ಅವತ್ತೂ ಒಬ್ಬರು ದೊಡ್ಡ ಹಾರ ಹಿಡಿದು ಬಂದರು. ನಾನು ಕತ್ತು ಬಗ್ಗಿಸಿದೆ. ಅವರು ನನ್ನನ್ನು ದಾಟಿ ಹೋಗಿ ರಾಣಿಗೆ ಹಾಕಿದರು!

"ರಾಣಿ ಅಂದ್ರೆ ಇವ್ರಪ್ಪ, ಹಾಡಕ್ಕೂ ಆಳಿಟ್ಟವ್ರೆ!" ಎಂದು ಜನರತ್ತ ತಿರುಗಿ ಹೇಳಿದರು.

ರಾಣಿ ಗತ್ತಿನಿಂದ ಹಾರ ತೆಗೆದು, "ಹಿಡ್ಕೊಳೇ ಸಖಿ" ಎಂದು ನನ್ನ ಕೈಗಿತ್ತಳು. ಹಿಡಿದುಕೊಂಡವಳು ಸೀದಾ ಮನೆಗೆ ಬಂದೆ.

ಫೋಟೋ

ಹಾಡಿದ್ದು ನಾನು, ಹಾರ ನನ್ನದು. ಹಳೇ ನಾಟಕದ ಫೋಟೋದಿಂದ ರಾಣಿಯನ್ನು ಕತ್ತರಿಸಿ ತೆಗೆದೆ. ಎಷ್ಟು ಕತ್ತರಿಸಿದರೂ ನನಗೆ ಅಡ್ಡ ಬಂದಿದ್ದ, ವಂಕಿ ತೊಟ್ಟ ಅವಳ ಒಂದು ಮೊಣಕೈ ಉಳಿದುಕೊಂಡಿತು. ಇರಲಿ ಎಂದು ಕಟ್ಟು ಹಾಕಿಸಿ ಅಂಗಡಿಯಲ್ಲಿ ತೂಗುಹಾಕಿ, ಆ ಹಾರವನ್ನು ಅದಕ್ಕೇ ಹಾಕಿದೆ.

ಮಾರನೇ ದಿನ ರವಿಕೆ ಹೊಲಿಸಲು ಬಂದ ಹೆಂಗಸು ಫೋಟೋ ನೋಡಿ ಕೈಮುಗಿದಳು. "ಪಾಪ, ಲಕ್ಷಣವಾಗಿದ್ರು. ಯಾವಾಗ ತೀರ್ಕೊಂಡ್ರು?"

"ಅದು ನಾನೇ ಕಣ್ರೀ!"

ಅವಳು ಫೋಟೋದ ಹತ್ತಿರ ಹೋಗಿ ಮತ್ತೊಮ್ಮೆ ದಿಟ್ಟಿಸಿದಳು. "ಅಯ್ಯೋ, ತಪ್ಪು ತಿಳ್ಕೋಬೇಡಿ ಅಕ್ಕಾ... ಈ ಮೊಣಕೈ ಶಿವನಿ ರಾಣಿಯಮ್ಮಂದಲ್ವಾ? ಚೆನ್ನಾಗಿದಾರಾ ಅವ್ರು?"