ಬಣ್ಣಕ್ಕೊಂದು ಸಾಕ್ಷಿ

ನಮ್ಮ ಸೋದರಮಾವನಿಗೆ ಕೆಂಪು ಯಾವುದೆಂದೇ ಗೊತ್ತಿರಲಿಲ್ಲ ಎಂದರೆ ನೀವು ನಂಬುವುದಿಲ್ಲ. ಕಣ್ಣೇನೋ ಸರಿಯಾಗಿತ್ತು, ಕೆಟ್ಟದ್ದು ನಂಬಿಕೆ! ಸಾಗರದ ಪೇಟೆಯಲ್ಲಿ ಅವರದೊಂದು ಸ್ಟುಡಿಯೋ. ಕಪ್ಪು ಬಿಳುಪಿನ ಕಾಲದಲ್ಲಿ ನೆಮ್ಮದಿಯಾಗಿದ್ದವರು ಎಂಬತ್ತರ ದಶಕದಲ್ಲಿ ಕಲರ್ ಫಿಲಂ ಬಂದದ್ದೇ ತಡ, ತಲೆ ಕೆಡಿಸಿಕೊಂಡರು. ರೋಲು ತೊಳೆಯಲು ಬೆಂಗಳೂರಿನ ಲ್ಯಾಬಿಗೆ ಹೋಗಬೇಕು. ಅಲ್ಲಿಯವರು ನಮ್ಮವರ ಮುಖ ಕಂಡವರೇ? ಹೊಸನಗರದ ಹುಡುಗಿಯೊಬ್ಬಳು ಫೋಟೋದಲ್ಲಿ ಅರಿಶಿನ ಬಳಿದಂತಾಗಿ ಬಂದಳು. ತೀರ್ಥಹಳ್ಳಿಯ ಗಂಡಿನ ಕಡೆಯವರು, "ಹುಡುಗಿಗೆ ಕಾಮಾಲೆ ಗೀಮಾಲೆ ಇದ್ಯಾ?" ಎಂದು ಕೇಳಿ ಕಳಿಸಿದರು. ಹುಡುಗಿಯ ಅಪ್ಪ ಸ್ಟುಡಿಯೋಗೆ ಬಂದು ಕೂತರು.

"ಇನ್ನೊಂದ್ಸಲ ತೆಗೀರಿ. ಅದೂ ಹಿಂಗೇ ಬಂದ್ರೆ ಸಂಬಂಧ ತಪ್ಪಿ ಹೋಗ್ತದೆ."

ಎಲ್ಲರಿಗೂ ಬಣ್ಣ ಗೊತ್ತಿರುವ ಒಂದು ವಸ್ತುವನ್ನು ಹುಡುಗಿಯ ಪಕ್ಕ ಇಟ್ಟರೆ, ಲ್ಯಾಬಿನವರು ಅದನ್ನು ನೋಡಿ ಸರಿಮಾಡುತ್ತಾರೆ ಎಂದು ಮಾವನಿಗೆ ಹೊಳೆಯಿತು. ಆದರೆ ಯಾವ ವಸ್ತು? ಕುಂಕುಮ ಎಂದರು, ಅಂಗಡಿಗೊಂದು ಬಣ್ಣದ ಕುಂಕುಮ. ಕೆಂಪಡಿಕೆ ಎಂದರು, ಬೇಯಿಸುವಾಗ ಬಣ್ಣ ಕೊಡುವ ಚೊಗರಿನ ರಸ ಮನೆಗೊಂದು ತರ, ಅಡಿಕೆಯ ಬಣ್ಣವೂ ಮನೆಗೊಂದು ತರ. ಅಡಿಕೆ ಮಂಡಿಯಿಂದ ಬೊಗಸೆ ತುಂಬ ತಂದು ಹರವಿಕೊಂಡರೆ, ಬಾಗಿಲ ಬೆಳಕಿನಲ್ಲಿ ಕೆಂಪಾಗಿದ್ದದ್ದು ಟ್ಯೂಬ್‌ಲೈಟಿನ ಕೆಳಗೆ ಇನ್ನೇನೋ ಆಗುತ್ತಿತ್ತು. "ಇದು ಕೆಂಪೋ, ಕಂದೋ?" ಎಂದು ನನ್ನನ್ನು ಕೇಳಿ ಕೇಳಿ ನನಗೂ ಅನುಮಾನ ಹತ್ತಿತು. ಅಂದು ಊಟಕ್ಕೆ ಕೂತಾಗ ಸಾರಿನ ಬಣ್ಣ ಯಾವುದೆಂದು ಹೇಳಲಾರದೆ ಹೋದೆ!

ಹುಡುಗಿ ಬಂದು ಸ್ಟೂಲಿನ ಮೇಲೆ ಕೂತ ದಿನವೂ ವಸ್ತು ತೀರ್ಮಾನವಾಗಿರಲಿಲ್ಲ. ಅಷ್ಟರಲ್ಲಿ ಅತ್ತೆ ಬುತ್ತಿ ಹಿಡಿದು ಒಳಗೆ ಬಂದರು. ಮಾವ ಹೆಂಡತಿಯನ್ನೇ ದಿಟ್ಟಿಸಿದರು.

"ನೀನು ಬಾ. ಹುಡುಗಿ ಪಕ್ಕ ನಿಲ್ಲು."

ಅತ್ತೆ ಬಾಗಿಲಿಗೇ ಹಿಂದೆ ಸರಿದರು. ಅವರದು ಕಪ್ಪು ಬಣ್ಣ. ಮದುವೆಯ ಫೋಟೋದಲ್ಲಿ ಯಾರೋ ಫೋಟೋಗ್ರಾಫರ್ ನೆಗೆಟಿವ್ ಮೇಲೆ ಪೆನ್ಸಿಲ್ ಆಡಿಸಿ ಅವರನ್ನು ಬೆಳ್ಳಗೆ ಮಾಡಿಬಿಟ್ಟಿದ್ದ. ಆಮೇಲೆ ಅವರು ಕ್ಯಾಮೆರಾಕ್ಕೆ ಮುಖ ಕೊಟ್ಟವರೇ ಅಲ್ಲ.

"ಬೇರೆ ಯಾರೂ ಸಿಗ್ಲಿಲ್ವಾ? ನನ್ನ ಬಣ್ಣ ಕಟ್ಕೊಂಡು ಎಂತ ಮಾಡ್ತೀರಿ?"

"ಇದೊಂದೇ ನಂಗೆ ಸರಿಯಾಗಿ ಗೊತ್ತಿರೋ ಬಣ್ಣ, ಮಾರಾಯ್ತಿ."

ಅತ್ತೆ ಅಂತೂ ಬಂದು ನಿಂತರು, ರೋಲು ಬೆಂಗಳೂರಿಗೆ ಹೋಯಿತು. ಆದರೆ ಲ್ಯಾಬಿನವರಿಗೆ ಅತ್ತೆಯ ಪರಿಚಯ ಎಲ್ಲಿಂದ ಬರಬೇಕು? ಅವರೂ ಬೆಳ್ಳಗೆ ಮಾಡಿಯೇ ಕಳಿಸಿದರು. ಮಾವ ಪ್ರಿಂಟನ್ನು ಬಾಗಿಲ ಬೆಳಕಿನಲ್ಲಿ ಅತ್ತೆಯ ಕೆನ್ನೆಯ ಪಕ್ಕ ಹಿಡಿದು, "ಇವಳಲ್ಲ" ಎಂದು ವಾಪಸು ಕಳಿಸಿದರು. ಮತ್ತೆ ಬಂತು, ಮತ್ತೆ ಹೋಯಿತು. ಹುಡುಗಿಯ ಅಪ್ಪ, "ಮಾರಾಯ್ರೆ, ಸ್ವಲ್ಪ ನನ್ನ ಮಗಳ ಮುಖಾನೂ ನೋಡಿ" ಎಂದು ಗೋಗರೆದರು.

"ಇವಳು ಸರಿಯಾದ್ರೆ ನಿಮ್ಮ ಮಗಳೂ ಸರಿಯಾಗ್ತಾಳೆ" ಎಂದರು ಮಾವ.

ಹಾಗೆಯೇ ಆಯಿತು. ಕೊನೆಗೆ ಬಂದ ಪ್ರಿಂಟಿನಲ್ಲಿ ಅತ್ತೆ ಅತ್ತೆಯೇ ಆಗಿದ್ದರು, ಹುಡುಗಿಯೂ ಹುಡುಗಿಯೇ ಆಗಿದ್ದಳು. ಮಾವ ಫೋಟೋವನ್ನು ನಡುವೆ ಕತ್ತರಿಸಿ ಹುಡುಗಿಯ ಅರ್ಧವನ್ನು ತೀರ್ಥಹಳ್ಳಿಗೆ ಕಳಿಸಿದರು, ಅವರು ಒಪ್ಪಿದರು. ಅತ್ತೆಯ ಅರ್ಧವನ್ನು ಸ್ಟುಡಿಯೋದ ಮುಂದಿನ ಗಾಜಿನೊಳಗೆ, ಬೆಳ್ಳನೆಯ ಮದುವಣಗಿತ್ತಿಯರ ನಟ್ಟನಡುವೆ ಅಂಟಿಸಿದರು.

ಮರುದಿನ ಅತ್ತೆ ಆ ಗಾಜಿನ ಮುಂದೆ ಬಹಳ ಹೊತ್ತು ನಿಂತರು. ತೆಗೆಯಿರಿ ಎನ್ನುತ್ತಾರೆಂದು ನಾನು ಕಾಯುತ್ತಿದ್ದೆ. ಅವರು ಸೆರಗಿನಿಂದ ಗಾಜಿನ ಧೂಳು ಒರೆಸಿ, ಇನ್ನೊಮ್ಮೆ ನೋಡಿದರು.