ಇಣುಕಿದವರ ಹೆಸರಿಗೆ ತಿಂಗಳ ಬಾಡಿಗೆ

ನಮ್ಮ ಸೋದರತ್ತೆಯನ್ನು ಜಿಪುಣಿ ಎನ್ನುವವರಿದ್ದಾರೆ. ಅದು ಜಿಪುಣರಿಗೆ ಮಾಡುವ ಅವಮಾನ. ಜಿಪುಣರು ಒಗ್ಗರಣೆಗೆ ಸಾಸಿವೆ ಎಣಿಸಿ ಹಾಕುತ್ತಾರೆ. ನಮ್ಮತ್ತೆ ಸಿಡಿದು ಹೊರಗೆ ಬಿದ್ದ ಸಾಸಿವೆಯನ್ನೂ ಆರಿಸಿ ಡಬ್ಬಿಗೆ ಸೇರಿಸುತ್ತಾರೆ. ಇಂಥ ಹೆಂಗಸು, ಉದ್ಯೋಗಸ್ಥರು ಪರಿಚಯ ಬೆಳೆಸಿಕೊಳ್ಳುವ ಒಂದು ಜಾಲತಾಣಕ್ಕೆ ತಿಂಗಳಿಗೆ ಎರಡು ಗ್ಯಾಸ್ ಸಿಲಿಂಡರಿನಷ್ಟು ದುಡ್ಡು ಕಟ್ಟುತ್ತಿದ್ದಾರೆ ಎಂದರೆ ನೀವು ನಂಬುತ್ತೀರಾ? ನಾನೂ ನಂಬಿರಲಿಲ್ಲ.

ತಪ್ಪು ನನ್ನದೇ. ಅತ್ತೆ ಶಿಡ್ಲಘಟ್ಟದ ಸರ್ಕಾರಿ ಕಚೇರಿಯೊಂದರಲ್ಲಿ ಮೂವತ್ತೆರಡು ವರ್ಷ ಟೈಪಿಸ್ಟ್ ಆಗಿದ್ದು ನಿವೃತ್ತರಾದವರು. ಒಂಟಿ ಜೀವ. ಹೊತ್ತು ಹೋಗದೆ, ಚಿಕ್ಕಬಳ್ಳಾಪುರದಲ್ಲಿರುವ ನನಗೆ ದಿನಕ್ಕೆ ನಾಲ್ಕು ಸಲ ಫೋನ್ ಮಾಡತೊಡಗಿದರು. ಆ ಕಾಟ ತಪ್ಪಿಸಿಕೊಳ್ಳಲು ನಾನೇ ಅವರ ಫೋನಿನಲ್ಲಿ ಖಾತೆ ತೆರೆದುಕೊಟ್ಟೆ. ಕಾಟ ತಪ್ಪಲಿಲ್ಲ, ಊರಿಗೆಲ್ಲ ಹಂಚಿಹೋಯಿತು.

ಎರಡೇ ವಾರಕ್ಕೆ ಫೋನ್ ಬಂತು.

"ಲೇ, ನನ್ನ ಪುಟಾನ ಐದು ಜನ ನೋಡವ್ರಂತೆ. ಮುಖ ಮಾತ್ರ ಮಂಜುಮಂಜು. ಯಾರೋ ಇವರು?"

"ಅದು ಗೊತ್ತಾಗ್ಬೇಕಂದ್ರೆ ಪ್ರೀಮಿಯಂ ತಗೋಬೇಕು ಅತ್ತೆ. ದುಡ್ಡು ಕೊಡ್ಬೇಕು."

"ನಮ್ಮನೆ ಕಿಟಕೀಲಿ ಇಣುಕಿದವರು ಯಾರೂಂತ ತಿಳ್ಕೊಳಕ್ಕೆ ನಾನು ದುಡ್ಡು ಕೊಡ್ಬೇಕಾ? ನಮ್ಮ ಬೀದೀಲಾದ್ರೆ 'ಎವರ್ರಾ ಅದಿ?' ಅಂತ ತೆಲುಗಲ್ಲಿ ಗದರಿದ್ರೆ ಸಾಕು, ಅವರೇ ಹೆಸರು ಹೇಳಿ ಓಡ್ತಾರೆ."

ವಾದವೇನೋ ಸರಿಯೇ. ಆದರೆ ಮೂರು ದಿನ ನಿದ್ದೆಗೆಟ್ಟು, ನಾಲ್ಕನೆಯ ದಿನ ಅತ್ತೆ ದುಡ್ಡು ಕಟ್ಟಿಯೇಬಿಟ್ಟರು. ಮಂಜು ಸರಿಯಿತು. ಐವರಲ್ಲಿ ಇಬ್ಬರು ವಿಮೆ ಮಾರುವವರು, ಒಬ್ಬ ಸಾಲ ಮಾರುವವನು, ಒಬ್ಬ ಅವರ ಪಕ್ಕದ ಮನೆಯವನು. ಐದನೆಯವನು ನಾನು. ಎರಡು ಸಿಲಿಂಡರಿನ ದುಡ್ಡಿಗೆ ಅತ್ತೆಗೆ ಸಿಕ್ಕಿದ್ದು ನನ್ನ ಮುಖ. ಅವರು ಅಲ್ಲಿಗೆ ನಿಲ್ಲಿಸಲಿಲ್ಲ. ಚಿಂತಾಮಣಿಯ ವಿಮೆಯವನಿಗೆ, "ಬಾಗಿಲ ತನಕ ಬಂದು ಹಂಗೇ ಹೋದ್ರಲ್ಲ, ಯಾಕೆ?" ಎಂದು ಬರೆದರು. ಪಾಪ, ಅವನು ಗಿರಾಕಿ ಸಿಕ್ಕರೆಂದು ಬೈಕ್ ಹತ್ತಿ ಬಂದ. ಅತ್ತೆ ಅವನ ಕೈಯಲ್ಲಿ ಅಟ್ಟದ ಮೇಲಿನ ರಾಗಿ ಮೂಟೆ ಇಳಿಸಿಕೊಂಡು, ಮಜ್ಜಿಗೆ ಕೊಟ್ಟು ಕಳಿಸಿದರು.

ಪ್ರೀಮಿಯಂ ತಗೊಂಡವರು ಗುರುತು ಪರಿಚಯವಿಲ್ಲದ ದೊಡ್ಡವರಿಗೂ ಪತ್ರ ಬರೆಯಬಹುದು, ತಿಂಗಳಿಗೆ ಇಷ್ಟೇ ಎಂಬ ಲೆಕ್ಕದಲ್ಲಿ. ಕೊಟ್ಟ ದುಡ್ಡಿನ ಪತ್ರ ಒಂದೂ ವ್ಯರ್ಥವಾಗಬಾರದಲ್ಲ? ಅತ್ತೆ ಕಂಪನಿ ಮುಖ್ಯಸ್ಥರ ಬರಹಗಳನ್ನು ಹುಡುಕಿ ಓದಿ ತಪ್ಪು ತಿದ್ದಿ ಕಳಿಸತೊಡಗಿದರು. "ಎರಡನೇ ಸಾಲಲ್ಲಿ ಅಲ್ಪವಿರಾಮ ಇಲ್ಲ. 'ನಾನು ವಿನಮ್ರನಾಗಿದ್ದೇನೆ' ಅನ್ನೋ ವಾಕ್ಯ ತೆಗೆದುಹಾಕಿ, ಕೆಳಗಿರೋ ಹನ್ನೊಂದು ಸಾಲಿಗೂ ಅದಕ್ಕೂ ತಾಳೆಯಾಗಲ್ಲ." ಒಬ್ಬ ಮಹಾಶಯ, ನಿಮ್ಮ ಅಮೂಲ್ಯ ಒಳನೋಟಕ್ಕೆ ಧನ್ಯವಾದ ಎಂದು ಉತ್ತರಿಸಿದ. ಓದದೆಯೇ ಉತ್ತರಿಸುವುದು ಅಲ್ಲಿನ ಶಿಷ್ಟಾಚಾರ.

ಆಮೇಲೊಂದು ದಿನ ಆ ಜಾಲತಾಣವೇ ಅತ್ತೆಯನ್ನು ಹೊಗಳಿತು: ಈ ಹುದ್ದೆಗೆ ನೀವು ಮುಂಚೂಣಿ ಅಭ್ಯರ್ಥಿ. ಯಾವ ಹುದ್ದೆ? ಬಂದರಿನಲ್ಲಿ ಹಡಗಿನ ಸರಕು ಇಳಿಸುವ ಮೇಲ್ವಿಚಾರಕ. ಅರವತ್ತೆರಡರ ಅತ್ತೆ ಕನ್ನಡಕ ಸರಿಮಾಡಿಕೊಂಡು, "ಕಡಲು ನಾನಿನ್ನೂ ನೋಡೇ ಇಲ್ಲ ಕಣೋ," ಎಂದರು. ನನಗೆ ಭಯವಾಯಿತು.

ಇದಕ್ಕೆಲ್ಲ ಮಂಗಳ ಹಾಡಬೇಕೆಂದು ಒಂದು ಭಾನುವಾರ ಬೆಳಿಗ್ಗೆ ಶಿಡ್ಲಘಟ್ಟಕ್ಕೆ ಹೋದೆ. ಅತ್ತೆ ಅಂಗಳ ತೊಳೆಯುತ್ತಿದ್ದಾಗ ಅವರ ಫೋನ್ ತೆಗೆದುಕೊಂಡು ರದ್ದು ಮಾಡಲು ಕೂತೆ. ರದ್ದು ಎನ್ನುವ ಗುಂಡಿ ಸಿಗಲು ಅರ್ಧ ಗಂಟೆ ಹಿಡಿಯಿತು. ಒತ್ತಿದರೆ, ಹೋಗಬೇಡಿ, ನಿಮಗಾಗಿ ಅರ್ಧ ಬೆಲೆ ಎಂದಿತು. ಸಂತೆಯಲ್ಲಿ ಬೆನ್ನು ತಿರುಗಿಸಿದ ಮೇಲೆ ಕೂಗಿ ಕರೆಯುವ ಅಂಗಡಿಯವನ ದನಿ! ಅಂದರೆ ಇಷ್ಟು ದಿನ ನಮ್ಮತ್ತೆಯಿಂದ ಎಷ್ಟು ಕಿತ್ತಿದ್ದಾರೆ, ನೀವೇ ಹೇಳಿ. ಬೇಡ ಎಂದು ಒತ್ತಲು ಬೆರಳು ಎತ್ತಿದ್ದೆ, ಅತ್ತೆ ಒದ್ದೆ ಕೈಯಲ್ಲೇ ಫೋನ್ ಕಿತ್ತುಕೊಂಡರು.

"ಅದನ್ನ ಮುಟ್ಬೇಡ."

"ವಿಮೆಯವರ ಮುಖ ನೋಡಕ್ಕೆ ಇಷ್ಟು ದುಡ್ಡು ಬೇಕಾ ಅತ್ತೆ?"

ಅವರು ಏನೋ ಒತ್ತಿ ಫೋನನ್ನು ನನ್ನ ಮುಂದೆ ಹಿಡಿದರು. ಇಣುಕಿದವರ ಪಟ್ಟಿ. ವಾರ ವಾರವೂ ತಪ್ಪದೆ ಬಂದಿದ್ದ ಒಂದು ಹೆಸರು, ನರೆತ ಕೂದಲಿನ ಒಂದು ಮುಖ. ಮಂಚೇನಹಳ್ಳಿಯ ಶಾಲೆಯೊಂದರ ಟೀಚರ್. ಮೂಗು ಥೇಟ್ ನಮ್ಮಪ್ಪನದು.

ನನಗೊಬ್ಬ ಚಿಕ್ಕತ್ತೆ ಇದ್ದಾರೆಂದು ಕೇಳಿದ್ದೆ, ನೋಡಿರಲಿಲ್ಲ. ಬೇರೆ ಜಾತಿಯವರನ್ನು ಮದುವೆಯಾದರೆಂದು ತಾತ ಅವರನ್ನು ಹೊರಗೆ ಹಾಕಿದ್ದರು. ಆ ಕಾರಣ ಹೇಳಿಯೇ ಅಕ್ಕನಿಗೆ, ಅಂದರೆ ನಮ್ಮತ್ತೆಗೆ, ಬಂದ ಗಂಡುಗಳೂ ಹಿಂದೆ ಸರಿದವು. ತಾತ ಹೋದರು, ಅಪ್ಪನೂ ಹೋದರು. ಆಮೇಲೂ ನಾವ್ಯಾರೂ ಆ ಹೆಸರು ಎತ್ತಲಿಲ್ಲ. ಎರಡು ಗಂಟೆಯ ಬಸ್ ದಾರಿ. ಮೂವತ್ತೈದು ವರ್ಷದಲ್ಲಿ ಒಬ್ಬರಿಗೂ ಬಸ್ ಸಿಗಲಿಲ್ಲ.

"ಒಂದು ಮೆಸೇಜ್ ಹಾಕಬಾರದಾ ಅತ್ತೆ?"

"ನಾನು ನೋಡ್ದೆ ಅಂತ ಗೊತ್ತಾದ್ರೆ ಬರೋದೇ ಬಿಟ್ಟುಬಿಡ್ತಾಳೇನೋ. ವಾರಕ್ಕೊಂದ್ಸಲ ಬಂದು ಅಕ್ಕ ಚೆನ್ನಾಗವ್ಳಾ ಅಂತ ನೋಡ್ಕೊಂಡು ಹೋಗ್ತಾಳೆ. ಅಷ್ಟು ಸಾಕು ನಂಗೆ."

ಬಸ್ಸಿಗೆ ಹೊತ್ತಾಯಿತೆಂದು ಎದ್ದು ಚಪ್ಪಲಿ ಹಾಕಿಕೊಂಡೆ. ಅತ್ತೆ ಬಾಗಿಲಲ್ಲಿ ನಿಂತು ನನ್ನ ಚಪ್ಪಲಿಯನ್ನೇ ನೋಡುತ್ತಿದ್ದರು. ಆಮೇಲೆ ಒಳಗೆ ಹೋಗಿ ಸೀರೆ ಬದಲಾಯಿಸಿಕೊಂಡು ಬಂದು, "ನಾನೂ ಬರ್ತೀನಿ, ನಡಿ," ಎಂದರು.

ಚಿಕ್ಕಬಳ್ಳಾಪುರದಲ್ಲಿ ಬಸ್ ಬದಲಿಸುವಾಗ ಎರಡು ಕೆಜಿ ದ್ರಾಕ್ಷಿ ಕೊಂಡರು. ಚೌಕಾಸಿ ಮಾಡಲಿಲ್ಲ. ಮಂಚೇನಹಳ್ಳಿಯಲ್ಲಿ ಅಂಗಡಿಯವರನ್ನು ಕೇಳಿ ಟೀಚರ್ ಮನೆ ಹುಡುಕಿದೆವು. ಬಾಗಿಲು ತೆಗೆದ ಚಿಕ್ಕತ್ತೆ ಕನ್ನಡಕ ಹಣೆಗೇರಿಸಿ ನೋಡಿದರು. ಮತ್ತೆ ಇಳಿಸಿ ನೋಡಿದರು.

"ಇಷ್ಟು ದಿನ ನೀನೇ ಬಂದು ಬಂದು ಹೋಗ್ತಿದ್ದೆ," ಎಂದರು ಅತ್ತೆ. "ಅದ್ಕೇ ಇವತ್ತು ನಾನು ಬಂದೆ."

ಚಿಕ್ಕತ್ತೆ ಅಕ್ಕನ ಕೈಯಿಂದ ದ್ರಾಕ್ಷಿ ಚೀಲ ತೆಗೆದುಕೊಂಡು ಕೆಳಗಿಟ್ಟು, ಖಾಲಿಯಾದ ಆ ಕೈಯನ್ನು ಹಿಡಿದುಕೊಂಡರು.