ಹಿತ್ತಿಲ ತಡಮೆಗೊಂದು ಬೋರ್ಡು

ಇಂಗ್ಲಿಷ್ ಮೇಷ್ಟ್ರುಗಳಿಗೊಂದು ಚಟವಿದೆ. ಯಾರಾದರೂ ಒಂದು ಶಬ್ದದ ಅರ್ಥ ಕೇಳಿದರೆ ಸಾಕು, ಪ್ರಯೋಗ, ಉದಾಹರಣೆ ಸಮೇತ ಒಪ್ಪಿಸದೆ ಬಿಡುವುದಿಲ್ಲ. ಮದುವೆ ಮನೆಯ ಪಂಕ್ತಿಯಲ್ಲೂ ನಾನು ವ್ಯಾಕರಣ ಬಡಿಸಿದ್ದಿದೆ. ಆದರೆ ‘ಟ್ರೆಸ್‌ಪಾಸ್’ ಎಂಬುದನ್ನು ರತ್ನಕ್ಕನಿಗೆ ವಿವರಿಸಿದಷ್ಟು ಚೆನ್ನಾಗಿ ಬೇರೆ ಯಾವುದನ್ನೂ ವಿವರಿಸಿರಲಿಕ್ಕಿಲ್ಲ. ಅದಕ್ಕೆ ತಕ್ಕ ಫಲವನ್ನೂ ಉಂಡೆ.

ರತ್ನಕ್ಕ ನಮ್ಮೂರು ಜಾವಳಿಯಲ್ಲಿ ಪಕ್ಕದ ತೋಟದವರು. ನಮ್ಮ ಕಡೆ ಬೇಕಾದವರು ಮುಂಬಾಗಿಲಿಂದ ಬರುವುದಿಲ್ಲ. ಕಾಫಿ ಗಿಡಗಳ ನಡುವೆ ನುಸುಳಿ, ದನ ನುಗ್ಗದಂತೆ ಬೇಲಿಯ ಸಂದಿಗೆ ಅಡ್ಡ ಕಟ್ಟಿದ ತಡಮೆ ದಾಟಿ, “ಶಾರದಾ, ಇದೀಯೇನೇ?” ಎಂದು ಕೂಗುವ ಹೊತ್ತಿಗೆ ರತ್ನಕ್ಕ ನಮ್ಮ ಒಲೆಯ ಮುಂದೆಯೇ ಇರುತ್ತಿದ್ದರು. ಸಾರಿನ ಮುಚ್ಚಳ ತೆಗೆದು, ಅಂಗೈಗೆ ನಾಲ್ಕು ಹನಿ ಬಿಟ್ಟುಕೊಂಡು ನೆಕ್ಕಿ, ಒಂದು ಚಿಟಿಕೆ ಉಪ್ಪು ಹಾಕಿ, ಆಮೇಲೆ ನನ್ನ ಹೆಂಡತಿ ಶಾರದೆಯೊಡನೆ ಮಾತಿಗೆ ಕೂರುವವರು. ಇದಕ್ಕೆ ನನ್ನದೇನೂ ತಕರಾರಿರಲಿಲ್ಲ. ಆದರೆ ಭಾನುವಾರ ಬನಿಯನ್ನು ತೊಟ್ಟು ಹಿತ್ತಿಲಲ್ಲಿ ಗಡ್ಡ ಹೆರೆಯಲು ಕೂತರೆ, ಬೆನ್ನ ಹಿಂದಿನಿಂದ “ಎಡಗಡೆ ಸ್ವಲ್ಪ ಉಳೀತು ನೋಡಿ ಮೇಷ್ಟ್ರೇ” ಎಂಬ ದನಿ ಬರುತ್ತಿತ್ತು.

ಆ ವರ್ಷ ಕಾಫಿಗೆ ಒಳ್ಳೆಯ ರೇಟು ಬಂದು ಎಲ್ಲರಿಗೂ ಸ್ವಲ್ಪ ಪ್ಲಾಂಟರ್ ಗತ್ತು ಹತ್ತಿತ್ತು. ಅತ್ತಿಗುಂಡಿ ದಾರಿಯ ದೊಡ್ಡ ಎಸ್ಟೇಟುಗಳ ಗೇಟಿನಲ್ಲಿ ಕಂಡಿದ್ದ ಬೋರ್ಡನ್ನು ನಾನೂ ಚಿಕ್ಕಮಗಳೂರಿನಲ್ಲಿ ಬರೆಸಿ ತಂದು, ನನ್ನ ಅಂಗೈಯಗಲದ ತೋಟದ ತಡಮೆಗೆ ಬಿಗಿದೆ. ‘ಟ್ರೆಸ್‌ಪಾಸರ್ಸ್ ವಿಲ್ ಬಿ ಪ್ರಾಸಿಕ್ಯೂಟೆಡ್.’

ಏನು ಬರೆಸಿದ್ದೀರಿ ಎಂದು ರತ್ನಕ್ಕನೇ ಕೇಳಿದರು. ನನ್ನೊಳಗಿನ ಮೇಷ್ಟ್ರು ಎದ್ದು ಕೂತರು. ಅಪ್ಪಣೆಯಿಲ್ಲದೆ ಇನ್ನೊಬ್ಬರ ಜಾಗಕ್ಕೆ ಕಾಲಿಡುವುದು, ಜಾಗವೆಂದರೆ ನೆಲವೇ ಆಗಬೇಕೆಂದಿಲ್ಲ, ಇನ್ನೊಬ್ಬರ ಏಕಾಂತವೂ ಆಗಬಹುದು, ಅಂಥವರ ಮೇಲೆ ಕೇಸು ಹಾಕಲಾಗುವುದು ಎಂದು ಬರೆದಿದೆ ಎಂದೆ. ಉದಾಹರಣೆ ಬೇಕಿತ್ತು. ಗಡ್ಡ ಹೆರೆಯುವವನ ಹಿಂದೆ ಬಂದು ನಿಲ್ಲುವುದು ಎಂದುಬಿಟ್ಟೆ. ರತ್ನಕ್ಕ “ಓಹೋ, ಹಂಗಾ” ಎಂದು ತಡಮೆಯಾಚೆಯಿಂದಲೇ ಹಿಂದಕ್ಕೆ ಹೋದರು. ಅಷ್ಟು ಬೇಗ ಪಾಠ ತಲೆಗೆ ಹತ್ತಿದ ವಿದ್ಯಾರ್ಥಿ ನನಗೆ ಇನ್ನೊಬ್ಬರು ಸಿಕ್ಕಿಲ್ಲ.

ಮಾರನೆಯ ದಿನದಿಂದ ನಮ್ಮ ಸಾರು ಸಪ್ಪೆಯಾಯಿತು. ಶಾರದೆಯ ಕೈಗೆ ಉಪ್ಪಿನ ಅಂದಾಜು ಎಂದೂ ಇರಲಿಲ್ಲವೆಂದು ನನಗೆ ಗೊತ್ತಾದದ್ದೇ ಆಗ. ಹೇಳುವ ಧೈರ್ಯವಿಲ್ಲದೆ ಉಪ್ಪಿನಕಾಯಿ ನೆಂಚಿಕೊಂಡು ಉಂಡೆ.

ಕೆಲವು ದಿನ ಕಳೆದು ರತ್ನಕ್ಕ ಬಂದರು. ರಸ್ತೆ ಸುತ್ತಿಕೊಂಡು, ಒಳ್ಳೆ ಸೀರೆಯುಟ್ಟು, ಕೈಯಲ್ಲಿ ಬಾಳೆಹಣ್ಣು ಹಿಡಿದು, ಮುಂಬಾಗಿಲಿಂದ. ಕುರ್ಚಿಯ ತುದಿಯಲ್ಲಿ ಕೂತರು. ಶಾರದೆ ಒತ್ತಾಯ ಮಾಡಿ ಊಟಕ್ಕೆ ಎಬ್ಬಿಸಿದಳು. ಆ ಸಪ್ಪೆ ಸಾರನ್ನು ಕಲಸಿ ಉಂಡು, “ಸಾರು ಚೆನ್ನಾಗಿದೆ” ಎಂದು ಹೇಳಿ, ಕೈತೊಳೆದು, ಗೇಟಿನಿಂದಲೇ ಹೋದರು.

ಶಾರದೆ ಅಡುಗೆಮನೆಯಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಳು. “ರತ್ನಕ್ಕ ಚೆನ್ನಾಗಿದೆ ಅಂದ್ರಲ್ರೀ,” ಎಂದಳು. “ಇನ್ನು ನಂಗೆ ಇಲ್ಲಿ ಯಾರಿದಾರೆ?”

ಬೋರ್ಡು ಕಿತ್ತು ಕಂಕುಳಲ್ಲಿಟ್ಟುಕೊಂಡು, ಗಿಡಗಳ ನಡುವೆ ನುಸುಳಿ ರತ್ನಕ್ಕನ ಹಿತ್ತಿಲಿಗೆ ಹೋದೆ. ಸೀದಾ ಒಳಗೆ ಹೋಗಿ ಅವರ ಸಾರಿನ ಮುಚ್ಚಳ ತೆಗೆದು, ಸೌಟಿನಿಂದ ಅಂಗೈಗೆ ಬಿಟ್ಟುಕೊಂಡು ನೆಕ್ಕಿ, “ಉಪ್ಪು ಒಂಚೂರು ಜಾಸ್ತಿ ರತ್ನಕ್ಕ” ಎಂದೆ.

ಅವರು ನನ್ನ ಕೈಯಿಂದ ಮೊದಲು ಸೌಟು ಕಿತ್ತುಕೊಂಡರು, ಆಮೇಲೆ ಕಂಕುಳಿನ ಬೋರ್ಡು. “ಇದು ಇಲ್ಲಿರ್ಲಿ ಮಾರಾಯ್ರೆ,” ಎಂದವರು ಅದನ್ನು ಅಡುಗೆಮನೆ ಬಾಗಿಲ ಮೇಲಿನ ಮೊಳೆಗೆ ನೇತುಹಾಕಿ, ಸೆರಗು ಸಿಕ್ಕಿಸಿಕೊಂಡು ನನಗಿಂತ ಮುಂದಾಗಿ ನಮ್ಮ ಹಿತ್ತಿಲ ಕಡೆ ನಡೆದರು.

ಬೋರ್ಡು ಈಗಲೂ ಅವರ ಅಡುಗೆಮನೆ ಬಾಗಿಲಲ್ಲೇ ಇದೆ. ಉಳಿದವರೆಲ್ಲ ಅದರ ಕೆಳಗೇ ಹೋಗಿ ಬರುತ್ತಾರೆ. ನಾನೊಬ್ಬ ಮಾತ್ರ ಹೊಸ್ತಿಲಾಚೆ ನಿಂತು, ಒಳಗೆ ಬರಬಹುದೇ ಎಂದು ಕೇಳಬೇಕು.